ಕೂತಲ್ಲಿಂದ ಏಳುವ ಬಲ

‘ಅತ್ತೆ, ನೀವು ಸುಮ್ಮನೆ ಕೂತ್ಕೊಳ್ಳಿ, ನಾನು ಮಾಡ್ತೀನಿ.’ ವಯಸ್ಸಾದವರಿರುವ ಮನೆಗಳಲ್ಲಿ ದಿನಕ್ಕೆ ಹಲವು ಸಲ ಕೇಳಿಬರುವ ಮಾತು ಇದು. ಇದರಲ್ಲಿ ಅಕ್ಕರೆಯೂ ಇದೆ, ಗೌರವವೂ ಇದೆ. ಆದರೆ ಈ ಅಕ್ಕರೆಯೇ ಹಿರಿಯರ ಕಾಲಿನ ಬಲವನ್ನು ಕಸಿದುಕೊಳ್ಳುತ್ತಿದೆಯೇ ಎಂದು ಯೋಚಿಸಬೇಕಾಗಿದೆ.

ದಿನನಿತ್ಯದ ಓಡಾಟಕ್ಕೂ ಆರೋಗ್ಯಕ್ಕೂ ಇರುವ ನಂಟನ್ನು ಅಂಕಿ ಅಂಶಗಳಲ್ಲಿ ಹುಡುಕಿದವರಲ್ಲಿ ಬ್ರಿಟನ್ನಿನ ವೈದ್ಯ ಜೆರ್ರಿ ಮಾರಿಸ್ ಪ್ರಮುಖರು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕರು ದಿನವಿಡೀ ಕುಳಿತಿರುತ್ತಿದ್ದರು. ನಿರ್ವಾಹಕರು ಟಿಕೆಟ್ ಕೊಡಲು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಹೃದಯದ ಕಾಯಿಲೆ ನಿರ್ವಾಹಕರಲ್ಲಿ ಕಡಿಮೆ ಎಂದು ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಚಾಲಕರು ಮೊದಲೇ ದಪ್ಪಗಿದ್ದರೇ ಎಂಬ ಸಂಶಯ ಬಂದಾಗ, ಅವರು ಸಮವಸ್ತ್ರದ ಸೊಂಟದ ಅಳತೆಗಳನ್ನೂ ತೆಗೆಸಿ ನೋಡಿದರು. ಚಾಲಕರ ಸೊಂಟ ದೊಡ್ಡದೇ ಇತ್ತು! ಆದ್ದರಿಂದ ವ್ಯತ್ಯಾಸವೆಲ್ಲ ಮೆಟ್ಟಿಲಿನದೇ ಎನ್ನಲಾಗದು. ಆದರೂ ಅನಂತರದ ಹಲವು ಅಧ್ಯಯನಗಳು ಓಡಾಟದ ಪರವಾಗಿಯೇ ಮಾತನಾಡಿವೆ.

ಲಂಡನ್ನಿನ ಬಸ್ಸಿನಲ್ಲಿ ಮೆಟ್ಟಿಲು ಮಾಡಿದ ಕೆಲಸವನ್ನು ನಮ್ಮ ಹಳೆಯ ಮನೆಗಳಲ್ಲಿ ನೆಲವೇ ಮಾಡುತ್ತಿತ್ತು. ಊಟಕ್ಕೆ ಮಣೆ, ತರಕಾರಿ ಹೆಚ್ಚಲು ಈಳಿಗೆಮಣೆ, ಮಲಗಲು ಚಾಪೆ, ಅಂಗಳದಲ್ಲಿ ರಂಗೋಲಿ. ಎಲ್ಲದಕ್ಕೂ ಬಗ್ಗಬೇಕು, ಕೂರಬೇಕು, ಏಳಬೇಕು. ಅದನ್ನು ಯಾರೂ ವ್ಯಾಯಾಮ ಎಂದು ಕರೆಯಲಿಲ್ಲ. ಆಮೇಲೆ ಮೇಜು, ಮಂಚ, ಮಿಕ್ಸಿ, ನಲ್ಲಿ ಬಂದವು. ಒರಳುಕಲ್ಲು, ಬಾವಿಯ ಹಗ್ಗ ಎಷ್ಟೋ ಹೆಂಗಸರ ಬೆನ್ನು ಬಾಗಿಸಿದ್ದವು. ಅವು ಹೋದುದಕ್ಕೆ ಅಳಬೇಕಿಲ್ಲ. ಆದರೆ ದುಡಿಮೆಯ ಭಾರದ ಜೊತೆಗೆ ಮೈಯ ಚಲನೆಯೂ ಮನೆ ಬಿಟ್ಟು ಹೊರಟುಹೋಯಿತು.

ಬಳಸದ ಸ್ನಾಯು ಕರಗುತ್ತದೆ. ವಯಸ್ಸಾದವರು ಕೆಲವೇ ದಿನ ಹಾಸಿಗೆ ಹಿಡಿದರೂ ತೊಡೆಯ ಬಲ ಕುಗ್ಗುತ್ತದೆ. ತೊಡೆ ಸೋತವರಿಗೆ ಬಚ್ಚಲಿನಲ್ಲಿ ಕಾಲು ಜಾರಿದಾಗ ಸಾವರಿಸಿಕೊಳ್ಳುವುದು ಕಷ್ಟ. ಸೊಂಟದ ಮೂಳೆ ಮುರಿದ ಮೇಲೆ ಎಷ್ಟೋ ಹಿರಿಯರು ಮೊದಲಿನಂತೆ ನಡೆಯಲಾರರು.

ಇದಕ್ಕೆ ವ್ಯಾಯಾಮಶಾಲೆಯೇ ಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಸಾಕೆಂದಿದೆ. ಒಂದೊಂದು ಸಲವೂ ಕನಿಷ್ಠ 10 ನಿಮಿಷ ಇರಬೇಕೆಂಬ ಹಿಂದಿನ ಷರತ್ತನ್ನು ಕೈಬಿಟ್ಟಿದೆ. ಅಂದರೆ ಪೇಟೆಗೆ ನಡೆದು ಹೋದದ್ದು, ಮಹಡಿ ಹತ್ತಿದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. 65 ದಾಟಿದವರು ವಾರಕ್ಕೆ 3 ದಿನವಾದರೂ ಬಲ ಮತ್ತು ಸಮತೋಲ ಹೆಚ್ಚಿಸುವ ಚಟುವಟಿಕೆ ಮಾಡಬೇಕೆಂದೂ ಅದು ಹೇಳುತ್ತದೆ. ಮಂಡಿನೋವಿದ್ದವರು ನೆಲದ ಮೇಲೇ ಕೂರಬೇಕೆಂದಿಲ್ಲ. ಗಟ್ಟಿಯಾದ ಕುರ್ಚಿಯಿಂದ, ಸಾಧ್ಯವಾದರೆ ಕೈಯೂರದೆ, ನಾಲ್ಕಾರು ಸಲ ಎದ್ದು ಕೂತರೂ ತೊಡೆಗೆ ಕೆಲಸವೇ. ಎದೆನೋವು, ತಲೆಸುತ್ತು ಇದ್ದವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು.

ಹಿರಿಯರ ಮೇಲೆ ಕೆಲಸ ಹೇರಬೇಕು ಎಂದು ಇದರ ಅರ್ಥವಲ್ಲ. ಅವರು ಮಾಡಬಲ್ಲ ಕೆಲಸವನ್ನು ಅವರ ಕೈಯಿಂದ ಕಿತ್ತುಕೊಳ್ಳಬಾರದು, ಅಷ್ಟೆ. ‘ಅತ್ತೆ, ಹಿತ್ತಲಿಂದ ಒಂದೆರಡು ಎಸಳು ಕರಿಬೇವು ತರ್ತೀರಾ?’ ಎಂದು ಸೊಸೆ ಕೇಳಿದರೆ ಅದು ಅಗೌರವವಾಗದು. ಹಿತ್ತಲಿಗೆ ಹೋಗಿ ಬರುವ ಆ ನಾಲ್ಕು ಹೆಜ್ಜೆ ನಾಳೆಯೂ ಅವರು ಯಾರ ಆಸರೆಯಿಲ್ಲದೆ ಏಳಲು ನೆರವಾದೀತು.