ಬುತ್ತಿಯ ಬಿಸಿ, ಮಜ್ಜಿಗೆಯ ತಂಪು

ಚಿತ್ತಾಪುರ ತಾಲೂಕಿನ ದಂಡೋತಿ ಕಾಗಿಣಾ ನದಿಯ ದಂಡೆಯ ಊರು. ಬೇಸಿಗೆಯ ಮಧ್ಯಾಹ್ನ ಈ ಸೀಮೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಬೆಳಿಗ್ಗೆ ಹೊಲಕ್ಕೆ ಕಟ್ಟಿಕೊಂಡು ಹೋದ ಬುತ್ತಿ ಈ ಬಿಸಿಲಲ್ಲಿ ಊಟದ ಹೊತ್ತಿನವರೆಗೆ ಕೆಡದೆ ಉಳಿಯಬೇಕು. ಅದಕ್ಕೆ ಪಾತ್ರೆ ಹೇಗಿರಬೇಕು?

‘ಬಿಸಿ ಉಳಿಸುವ ಡಬ್ಬಿ ತಂದರಾಯಿತು’ ಎಂದು ನೀವು ಹೇಳಬಹುದು. ಇಲ್ಲೊಂದು ತೊಡಕಿದೆ. ಬೇಯಿಸಿದ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು, ಇಲ್ಲವೇ 5 ಡಿಗ್ರಿಗಿಂತ ಕೆಳಗಿರಬೇಕು. ನಡುವೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅನ್ನ ಕುದಿದರೂ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಸಾಯುವುದಿಲ್ಲ. ಉಗುರುಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ಹೆಚ್ಚುತ್ತವೆ. ಸುತ್ತಲಿನ ಗಾಳಿಯೇ 40 ಡಿಗ್ರಿ ಇರುವಾಗ ಅನ್ನ ಅದಕ್ಕಿಂತ ಕೆಳಗೆ ಆರುವುದಾದರೂ ಹೇಗೆ? ನಾಲ್ಕು ತಾಸು 45 ಡಿಗ್ರಿಯಲ್ಲೇ ಹಿಡಿದಿಡುವ ಡಬ್ಬಿ, ನನ್ನ ಮಟ್ಟಿಗೆ, ಡಬ್ಬಿಯೇ ಅಲ್ಲ. 60 ಡಿಗ್ರಿಯ ಬೇಳೆ ಬೆರಳಿಗೆ ಚುರ್ರೆನ್ನುತ್ತದೆ. ಹಿತವಾದ ಬಿಸಿ ಇದ್ದರೆ ಅದಾಗಲೇ ಇಳಿದಿದೆ ಎಂದೇ ತಿಳಿಯಿರಿ.

ಒಳ್ಳೆಯ ಡಬ್ಬಿಯ ಗುಟ್ಟು ಲೋಹದಲ್ಲಿಲ್ಲ, ಎರಡು ಗೋಡೆಗಳ ನಡುವಣ ಜಾಗದಲ್ಲಿದೆ. ತಾಮ್ರದಲ್ಲಿ ಶಾಖ ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು 25 ಪಟ್ಟು ಸಲೀಸಾಗಿ ಹರಿಯುತ್ತದೆ. ಅಲುಗಾಡದ ಗಾಳಿಯಲ್ಲಾದರೋ ಸ್ಟೀಲಿನ ಐನೂರರಲ್ಲಿ ಒಂದು ಪಾಲೂ ಹರಿಯದು. ಆ ಗಾಳಿಯನ್ನೂ ಹೊರತೆಗೆದು 1892ರಲ್ಲಿ ಜೇಮ್ಸ್ ಡ್ಯೂವರ್ ಮಾಡಿದ್ದೇ ನಿರ್ವಾತ ಫ್ಲಾಸ್ಕು. ತೆರೆದ ಪಾತ್ರೆಯಿಂದ ಹಬೆಯೊಡನೆ ಬಹಳಷ್ಟು ಶಾಖ ಹೋಗುವುದರಿಂದ ಮುಚ್ಚಳ ಬಿಗಿಯಾಗಿರಬೇಕು. ಡಬ್ಬಿಯನ್ನು ಮೊದಲು ಕುದಿಯುವ ನೀರಿನಿಂದ ಕಾಯಿಸಿ, ಅಡುಗೆಯನ್ನು ಕಂಠಪೂರ್ತಿ ತುಂಬಿ. ಶಹಾಬಾದ್ ಕಲ್ಲಿನ ನೆಲದ ಮೇಲೆ ಬಿಸಿ ಗಡಿಗೆ ಇಡುವಾಗ ಸಿಂಬಿ ಮರೆಯಬೇಡಿ. ಕಲ್ಲು ತಳದಿಂದ ಶಾಖ ಎಳೆಯುತ್ತದೆ.

ಆದರೆ ಇದೇ ಡಬ್ಬಿಗೆ ಬಿಸಿ ರೊಟ್ಟಿ ಹಾಕಿ ನೋಡಿ. ಹಬೆ ಹೊರಹೋಗದೆ ಮುಚ್ಚಳಕ್ಕೆ ತಗುಲಿ ನೀರಾಗಿ ಇಳಿಯುತ್ತದೆ, ರೊಟ್ಟಿ ಬೆವರುತ್ತದೆ. ಅರಿವೆ ಹಾಸಿದ ಬುಟ್ಟಿಯಾದರೆ ಹಬೆಯನ್ನು ಹೊರಬಿಡುತ್ತದೆ. ಕಡಕ್ ರೊಟ್ಟಿಗಂತೂ ಬಿಸಿ, ತಂಪು ಯಾವುದರ ಹಂಗೂ ಇಲ್ಲ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯದು. ರೊಟ್ಟಿಗೆ ಜೊತೆಯಾಗುವ ಶೇಂಗಾ ಹಿಂಡಿಯದೂ ಇದೇ ಲೆಕ್ಕ. ಬಿಸಿಲ ನಾಡಿನ ಬುತ್ತಿಯಲ್ಲಿ ಇವಕ್ಕೆ ಸ್ಥಾನ ಸಿಕ್ಕಿದ್ದು ಸುಮ್ಮನೆ ಅಲ್ಲ.

ಮಜ್ಜಿಗೆಯ ಮಣ್ಣಿನ ಗಡಿಗೆಯದು ಇದಕ್ಕೆ ತೀರ ವಿರುದ್ಧವಾದ ಕೆಲಸ. ಅದು ಶಾಖ ಕಳೆದುಕೊಳ್ಳಬೇಕು. ಗಡಿಗೆಯ ರಂಧ್ರಗಳಿಂದ, ಮೇಲೆ ಸುತ್ತಿದ ಒದ್ದೆ ಅರಿವೆಯಿಂದ ಆವಿಯಾಗುವ ಪ್ರತಿ ಗ್ರಾಂ ನೀರು ಸುಮಾರು 580 ಕ್ಯಾಲರಿ ಶಾಖ ಒಯ್ಯುತ್ತದೆ. 58 ಗ್ರಾಂ ನೀರನ್ನು 10 ಡಿಗ್ರಿ ತಂಪು ಮಾಡಲು ಅಷ್ಟು ಸಾಕು. ಕಲಬುರಗಿ ಸೀಮೆಯ ಒಣಗಾಳಿಗೆ ಇದು ಹೇಳಿಮಾಡಿಸಿದ ಉಪಾಯ; ಮಂಗಳೂರಿನ ತೇವದ ಗಾಳಿಯಲ್ಲಿ ಅದೇ ಗಡಿಗೆ ಅಷ್ಟು ತಂಪು ಕೊಡದು. ಚೆಂದಕ್ಕೆಂದು ಹೊರಗೆ ಬಣ್ಣ ಬಳಿದರೆ ರಂಧ್ರಗಳೇ ಮುಚ್ಚಿಹೋಗುತ್ತವೆ.

ಒಂದು ಎಚ್ಚರಿಕೆ: ಗಡಿಗೆಯ ತಂಪು 5 ಡಿಗ್ರಿಯ ಹತ್ತಿರಕ್ಕೂ ಇಳಿಯುವುದಿಲ್ಲ. ಮಜ್ಜಿಗೆಯನ್ನು ಅದರ ಹುಳಿಯೂ ಒಂದಿಷ್ಟು ಕಾಯುತ್ತದೆ. ಹಾಲಿಗೆ ಆ ಆಸರೆ ಇಲ್ಲ. ಮಗುವಿನ ಹಾಲನ್ನು ಗಡಿಗೆಯ ತಂಪನ್ನು ನಂಬಿ ಹೊಲಕ್ಕೆ ಒಯ್ಯಬೇಡಿ.