ಕಚ್ಚಾ ತೈಲದ ಗಂಧಕ ನಿವಾರಣೆ: ವಾಹನ ಮಾಲೀಕರಿಗೆ ಮಾಹಿತಿ

ಭೂಗರ್ಭದಿಂದ ದೊರೆಯುವ ಕಚ್ಚಾ ತೈಲದಲ್ಲಿ ಗಂಧಕವು ಮರ್ಕ್ಯಾಪ್ಟಾನ್, ಸಲ್ಫೈಡ್, ಥಯೋಫೀನ್ ಮುಂತಾದ ಸಂಯುಕ್ತಗಳ ರೂಪದಲ್ಲಿ ಇರುತ್ತದೆ. ತೂಕದಲ್ಲಿ ಸುಮಾರು ಶೇ. 0.5ಕ್ಕಿಂತ ಕಡಿಮೆ ಗಂಧಕವಿರುವ ತೈಲವನ್ನು ‘ಸಿಹಿ ತೈಲ’ವೆಂದೂ, ಹೆಚ್ಚು ಇರುವುದನ್ನು ‘ಹುಳಿ ತೈಲ’ವೆಂದೂ ಕರೆಯಲಾಗುತ್ತದೆ.

ನಿವಾರಣೆ ಏಕೆ ಅಗತ್ಯ?

ಇಂಧನ ಉರಿದಾಗ ಗಂಧಕವು ಗಂಧಕದ ಡೈಆಕ್ಸೈಡ್ ಅನಿಲವಾಗಿ ಹೊರಬರುತ್ತದೆ. ಈ ಅನಿಲವು ಶ್ವಾಸಕೋಶಗಳಿಗೆ ಹಾನಿಕರವಾಗಿದ್ದು, ಆಮ್ಲಮಳೆಗೂ ಕಾರಣವಾಗುತ್ತದೆ. ಅಲ್ಲದೆ, ಹೊಗೆಯನ್ನು ಶುದ್ಧಗೊಳಿಸಲು ವಾಹನದಲ್ಲಿ ಅಳವಡಿಸಿರುವ ಕ್ಯಾಟಲಿಟಿಕ್ ಕನ್ವರ್ಟರ್‌ನ ಸಾಮರ್ಥ್ಯವನ್ನು ಗಂಧಕವು ಕುಗ್ಗಿಸುತ್ತದೆ. ಆದ್ದರಿಂದ ಇಂಧನವು ವಾಹನವನ್ನು ತಲುಪುವ ಮುನ್ನವೇ, ತೈಲ ಶುದ್ಧೀಕರಣಾಗಾರದಲ್ಲಿ ಗಂಧಕವನ್ನು ತೆಗೆಯಬೇಕಾಗುತ್ತದೆ.

ನಿವಾರಣೆಯ ಹಂತಗಳು

1. ಕಚ್ಚಾ ತೈಲವನ್ನು ಬಟ್ಟಿ ಇಳಿಸಿ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಮುಂತಾದ ಭಾಗಗಳಾಗಿ ಬೇರ್ಪಡಿಸಲಾಗುತ್ತದೆ.
2. ಈ ಭಾಗಗಳಿಗೆ ಜಲಜನಕವನ್ನು ಸೇರಿಸಿ, ಸುಮಾರು 300ರಿಂದ 400 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಅಧಿಕ ಒತ್ತಡದಲ್ಲಿ ಕ್ರಿಯಾವರ್ಧಕದ ಮೂಲಕ ಹಾಯಿಸಲಾಗುತ್ತದೆ. ಕೋಬಾಲ್ಟ್ ಮತ್ತು ಮಾಲಿಬ್ಡಿನಮ್ ಲೋಹಗಳ ಕ್ರಿಯಾವರ್ಧಕವು ಸಾಮಾನ್ಯ ಬಳಕೆಯಲ್ಲಿದೆ. ಗಂಧಕವು ಜಲಜನಕದೊಡನೆ ಸೇರಿ ಹೈಡ್ರೋಜನ್ ಸಲ್ಫೈಡ್ ಅನಿಲವಾಗುತ್ತದೆ.
3. ಈ ಅನಿಲವು ವಿಷಕಾರಿ. ಅದನ್ನು ಅಮೈನ್ ದ್ರಾವಣದಲ್ಲಿ ಹೀರಿಸಿ ಪ್ರತ್ಯೇಕಿಸಲಾಗುತ್ತದೆ.
4. ‘ಕ್ಲಾಸ್ ವಿಧಾನ’ದಲ್ಲಿ ಅನಿಲದ ಮೂರನೇ ಒಂದು ಭಾಗವನ್ನು ಉರಿಸಿ, ಉಳಿದ ಭಾಗದೊಡನೆ ವರ್ತಿಸುವಂತೆ ಮಾಡಿ ಹಳದಿ ಗಂಧಕವನ್ನು ಪಡೆಯಲಾಗುತ್ತದೆ. ಇದು ಗಂಧಕಾಮ್ಲ ಹಾಗೂ ರಸಗೊಬ್ಬರಗಳ ತಯಾರಿಕೆಗೆ ಉಪಯುಕ್ತ.

ಡೀಸೆಲ್‌ನಲ್ಲಿ ಗಂಧಕದ ಗರಿಷ್ಠ ಮಿತಿ (ದಶಲಕ್ಷ ಭಾಗಗಳಲ್ಲಿ)

ಭಾರತ್ ಸ್ಟೇಜ್-3: 350
ಭಾರತ್ ಸ್ಟೇಜ್-4: 50 (ದೇಶಾದ್ಯಂತ 1-4-2017ರಿಂದ)
ಭಾರತ್ ಸ್ಟೇಜ್-6: 10 (ದೇಶಾದ್ಯಂತ 1-4-2020ರಿಂದ)

ವಾಹನ ಮಾಲೀಕರ ಗಮನಕ್ಕೆ

ವಾಯುಮಾಲಿನ್ಯ ತಪಾಸಣೆಯಲ್ಲಿ ಪೆಟ್ರೋಲ್ ವಾಹನಗಳ ಕಾರ್ಬನ್ ಮಾನಾಕ್ಸೈಡ್ ಹಾಗೂ ಹೈಡ್ರೋಕಾರ್ಬನ್ ಪ್ರಮಾಣವನ್ನು, ಡೀಸೆಲ್ ವಾಹನಗಳ ಹೊಗೆಯ ಸಾಂದ್ರತೆಯನ್ನು ಅಳೆಯಲಾಗುತ್ತದೆ. ಇಂಧನದಲ್ಲಿರುವ ಗಂಧಕವನ್ನು ಅಳೆಯುವುದಿಲ್ಲ. ಆದುದರಿಂದ ಪ್ರಮಾಣಪತ್ರ ದೊರೆತ ಮಾತ್ರಕ್ಕೆ ಇಂಧನವು ಶುದ್ಧವೆಂದು ಭಾವಿಸತಕ್ಕದ್ದಲ್ಲ. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದಲ್ಲಿ ಗಂಧಕದ ಪ್ರಮಾಣ ಪುನಃ ಏರಿ, ಶುದ್ಧೀಕರಣದ ಶ್ರಮವು ವ್ಯರ್ಥವಾಗುತ್ತದೆ. ಕಲಬೆರಕೆಯ ಸಂಶಯ ಬಂದಲ್ಲಿ, ಪೆಟ್ರೋಲ್ ಬಂಕಿನಲ್ಲಿ ಇಂಧನದ ಸಾಂದ್ರತೆಯನ್ನು ತಪಾಸಣೆ ಮಾಡಿ ತೋರಿಸುವಂತೆ ಗ್ರಾಹಕರು ಕೇಳಬಹುದಾಗಿದೆ.

ಪ್ರಥಮ ನೋಂದಣಿಯಿಂದ ಒಂದು ವರ್ಷ ಕಳೆದ ನಂತರ ಪ್ರಮಾಣಪತ್ರ ಹೊಂದಿರುವುದು ಕಡ್ಡಾಯ. ಅದರ ಅವಧಿಯು ಭಾರತ್ ಸ್ಟೇಜ್-4 ಮತ್ತು 6ರ ವಾಹನಗಳಿಗೆ 12 ತಿಂಗಳು, ಅದಕ್ಕೂ ಹಿಂದಿನ ವಾಹನಗಳಿಗೆ 6 ತಿಂಗಳು.