ವಸಂತಕಾಲದ ಮರುವಲಸೆ ಮತ್ತು ಸಾಮೂಹಿಕ ಪಕ್ಷಿವೀಕ್ಷಣೆ

ಪ್ರತಿ ವರ್ಷ ಮಳೆಗಾಲ ಮುಗಿಯುವ ವೇಳೆಗೆ ಉತ್ತರದ ಶೀತಪ್ರದೇಶಗಳಿಂದ ಹೊರಟ ಅಸಂಖ್ಯ ಹಕ್ಕಿಗಳು ಕರ್ನಾಟಕದ ಕೆರೆ, ಅಳಿವೆ, ಹುಲ್ಲುಗಾವಲು ಹಾಗೂ ಕಾಡುಗಳಿಗೆ ಬಂದು ಸೇರುತ್ತವೆ. ಚಳಿಗಾಲವನ್ನು ಇಲ್ಲಿ ಕಳೆದ ಈ ಹಕ್ಕಿಗಳಲ್ಲಿ ಬಹುಪಾಲು ಫೆಬ್ರವರಿಯಿಂದ ಏಪ್ರಿಲ್ ಅಂತ್ಯದೊಳಗೆ ತಮ್ಮ ಸಂತಾನೋತ್ಪತ್ತಿಯ ನೆಲೆಗಳಿಗೆ ಹಿಂದಿರುಗುತ್ತವೆ. ಇದನ್ನು ಮರುವಲಸೆ ಎನ್ನಬಹುದು. ಹಕ್ಕಿಗಳ ಆಗಮನವು ಜನರ ಗಮನವನ್ನು ಸುಲಭವಾಗಿ ಸೆಳೆಯುತ್ತದೆ. ನಿರ್ಗಮನವು ಸದ್ದಿಲ್ಲದೆ ನಡೆದುಹೋಗುತ್ತದೆ. ಆದುದರಿಂದ ಈ ಅವಧಿಯಲ್ಲಿ ಗುಂಪಾಗಿ ಕೈಗೊಳ್ಳುವ ಪಕ್ಷಿವೀಕ್ಷಣೆಗೆ ಹೆಚ್ಚಿನ ಮಹತ್ವವಿದೆ. ಅದರೊಂದಿಗೆ ಹೆಚ್ಚಿನ ಹೊಣೆಗಾರಿಕೆಯೂ ಇದೆ.

ಪಯಣದ ಸಿದ್ಧತೆ

ಹಗಲಿನ ಅವಧಿ ಕ್ರಮೇಣ ದೀರ್ಘವಾಗುವುದು ಹಕ್ಕಿಗಳ ದೇಹಕ್ಕೆ ದೊರೆಯುವ ಮುಖ್ಯ ಸೂಚನೆಯಾಗಿದೆ. ಇದರಿಂದ ದೇಹದಲ್ಲಿ ಹಲವು ಬದಲಾವಣೆಗಳು ಆರಂಭವಾಗುತ್ತವೆ. ಹಸಿವು ಹೆಚ್ಚುತ್ತದೆ, ತಿಂದ ಆಹಾರವು ಚರ್ಮದಡಿಯಲ್ಲಿ ಕೊಬ್ಬಾಗಿ ಶೇಖರವಾಗುತ್ತದೆ. ಈ ಕೊಬ್ಬೇ ದೀರ್ಘ ಹಾರಾಟಕ್ಕೆ ಬೇಕಾದ ಇಂಧನ. ದೂರದ ಹಾರಾಟಕ್ಕೆ ಮುನ್ನ ಕೆಲವು ಜಾತಿಗಳ ತೂಕವು ಸುಮಾರು ಎರಡರಷ್ಟಾಗುವುದೂ ಉಂಟು. ಇದೇ ಸಮಯದಲ್ಲಿ ಅನೇಕ ಹಕ್ಕಿಗಳು ಹಳೆಯ ಗರಿಗಳನ್ನು ಉದುರಿಸಿ, ಸಂತಾನೋತ್ಪತ್ತಿ ಕಾಲದ ಹೊಸ ಬಣ್ಣವನ್ನು ತಾಳುತ್ತವೆ. ಚಳಿಗಾಲದಲ್ಲಿ ಮಾಸಲು ಬೂದುಬಣ್ಣದಲ್ಲಿ ಕಾಣುವ ಹಲವು ಕಡಲಂಚಿನ ಹಕ್ಕಿಗಳು ಏಪ್ರಿಲ್ ವೇಳೆಗೆ ಕೆಂಪು ಅಥವಾ ಕಪ್ಪು ಬಣ್ಣ ಪಡೆದಿರುತ್ತವೆ. ಆರಂಭಿಕ ವೀಕ್ಷಕರು ಇವನ್ನು ಬೇರೆ ಜಾತಿಗಳೆಂದು ಭಾವಿಸುವ ಸಂಭವವಿರುವುದರಿಂದ, ಅನುಭವಿಗಳು ಗುಂಪಿನಲ್ಲಿರುವುದು ಉಪಯುಕ್ತ.

ರಾಜ್ಯದಲ್ಲಿ ಕಾಣಬಹುದಾದ ಹಕ್ಕಿಗಳು

ಕರ್ನಾಟಕವು ಮಧ್ಯ ಏಷ್ಯಾ ವಲಸೆ ಮಾರ್ಗದ ದಕ್ಷಿಣ ಭಾಗದಲ್ಲಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಈ ಮಾರ್ಗದ ಪ್ರಸಿದ್ಧ ಪಯಣಿಗರು. ಮಂಗೋಲಿಯಾ, ಟಿಬೆಟ್, ಲಡಾಖ್ ಮುಂತಾದ ಎತ್ತರದ ಪ್ರದೇಶಗಳ ಸರೋವರಗಳ ಬಳಿ ಇವು ಮರಿಮಾಡುತ್ತವೆ. ಉಪಗ್ರಹ ಸಂಪರ್ಕವುಳ್ಳ ಸಾಧನಗಳನ್ನು ಅಳವಡಿಸಿ ನಡೆಸಿದ ಅಧ್ಯಯನಗಳಲ್ಲಿ, ಹಿಮಾಲಯವನ್ನು ದಾಟುವಾಗ ಇವು 7,000 ಮೀಟರಿಗೂ ಹೆಚ್ಚಿನ ಎತ್ತರವನ್ನು ಮುಟ್ಟಿರುವುದು ದಾಖಲಾಗಿದೆ. ಹಗಲಿನಲ್ಲಿ ಕೆರೆಯಲ್ಲಿ ವಿಶ್ರಮಿಸಿ, ಸಂಜೆಯಿಂದ ಮುಂಜಾನೆಯವರೆಗಿನ ಅವಧಿಯಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯುವುದು ಇವುಗಳ ವಾಡಿಕೆ. ಮಾರ್ಚ್ ತಿಂಗಳಲ್ಲಿ ಇವುಗಳ ಸಂಖ್ಯೆ ವೇಗವಾಗಿ ಇಳಿಯುತ್ತದೆ. ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಹಾಗೂ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿವೆ. ಮಂಡ್ಯ ಜಿಲ್ಲೆಯ ರಂಗನತಿಟ್ಟು 2022ರಲ್ಲಿಯೇ ಈ ಮಾನ್ಯತೆ ಪಡೆದಿತ್ತು.

ಬಾತುಗಳು ಹಾಗೂ ಹೆಬ್ಬಾತುಗಳಲ್ಲಿ ಬಹುಪಾಲು ಮಾರ್ಚ್ ಒಳಗಾಗಿ ಹೊರಡುತ್ತವೆ. ಸಿಪಿಲೆ, ಕಂದು ಕಳಿಂಗ ಮತ್ತು ಮರಗಳ ಎಲೆಗಳ ನಡುವೆ ಹುಳು ಹುಡುಕುವ ಪುಟ್ಟ ಉಲಿಯಕ್ಕಿಗಳು ಏಪ್ರಿಲ್‌ವರೆಗೂ ಉಳಿಯುತ್ತವೆ. ಗುಲಾಬಿ ಕಬ್ಬಕ್ಕಿಗಳು ಮುತ್ತುಗ ಮತ್ತು ಬೂರುಗದ ಹೂಗಳ ಮಕರಂದವನ್ನೂ, ಆಲ ಅರಳಿಗಳ ಹಣ್ಣುಗಳನ್ನೂ ಸವಿದು, ಏಪ್ರಿಲ್ ವೇಳೆಗೆ ಹಿಂಡುಹಿಂಡಾಗಿ ಮಧ್ಯ ಏಷ್ಯಾದತ್ತ ತೆರಳುತ್ತವೆ. ಚಳಿಗಾಲದಲ್ಲಿ ಜೋಳದ ಹೊಲಗಳಿಗೆ ಎರಗುವ ಈ ಹಕ್ಕಿಗಳೇ ಅಲ್ಲಿ ಮರಿಗಳಿಗೆ ಮಿಡತೆಗಳನ್ನು ಹೇರಳವಾಗಿ ಉಣಿಸುತ್ತವೆ. ಹೀಗಾಗಿ ಮರುವಲಸೆಯ ವೀಕ್ಷಣೆಯು ಕೆರೆದಂಡೆಗೆ ಸೀಮಿತವಲ್ಲ. ಹೂಬಿಟ್ಟ ಮರವಿರುವ ಊರಿನ ಬೀದಿ, ಶಾಲೆಯ ಆವರಣ ಹಾಗೂ ಉದ್ಯಾನಗಳೂ ಅದಕ್ಕೆ ಯೋಗ್ಯ ಸ್ಥಳಗಳಾಗಿವೆ.

ಗುಂಪಿನಿಂದಾಗುವ ಪ್ರಯೋಜನ

ಒಬ್ಬರ ಕಣ್ಣಿಗೆ ತಪ್ಪಿದ ಹಕ್ಕಿ ಮತ್ತೊಬ್ಬರ ಕಣ್ಣಿಗೆ ಬೀಳುತ್ತದೆ. ಗುರುತಿಸುವಿಕೆಯಲ್ಲಿ ಸಂದೇಹ ಬಂದಾಗ ಸ್ಥಳದಲ್ಲಿಯೇ ಚರ್ಚಿಸಿ ನಿರ್ಣಯಕ್ಕೆ ಬರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಗುಂಪಿಗೆ ನಿಯಮಿತತೆ ಇರುತ್ತದೆ. ಬೆಂಗಳೂರಿನ ಪಕ್ಷಿವೀಕ್ಷಕರು ಹಲವು ದಶಕಗಳಿಂದ ಪ್ರತಿ ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರುತ್ತ ಬಂದಿರುವುದು ಇದಕ್ಕೆ ಉತ್ತಮ ನಿದರ್ಶನ. ಒಂದೇ ಸ್ಥಳವನ್ನು ಮತ್ತೆ ಮತ್ತೆ ನೋಡಿದಾಗ ಮಾತ್ರ ಬದಲಾವಣೆ ಗೋಚರಿಸುತ್ತದೆ.

ಗುಂಪಿನಿಂದಾಗಬಹುದಾದ ತೊಂದರೆ

ಬೇಸಿಗೆ ಸಮೀಪಿಸಿದಂತೆ ಕೆರೆಗಳ ನೀರು ಇಳಿದು, ಅಂಚಿನ ಕೆಸರು ಹೊರಬರುತ್ತದೆ. ಗೊರವ ಮುಂತಾದ ನೀರಂಚಿನ ಹಕ್ಕಿಗಳು ಪಯಣಕ್ಕೆ ಬೇಕಾದ ಕೊಬ್ಬನ್ನು ಗಳಿಸುವುದು ಬಹುಮಟ್ಟಿಗೆ ಈ ಕೆಸರಿನಲ್ಲಿರುವ ಹುಳುಗಳಿಂದ. ನಡೆಯಲು ಅನುಕೂಲವೆಂದು ವೀಕ್ಷಕರು ಕೆರೆಯಂಗಳಕ್ಕೆ ಇಳಿದರೆ, ಮೇಯುತ್ತಿರುವ ಹಕ್ಕಿಗಳು ಹಾರಿಹೋಗುತ್ತವೆ. ಒಮ್ಮೆ ಹಾರಿದರೆ ಎರಡು ಬಗೆಯ ನಷ್ಟ: ಸಂಗ್ರಹಿಸಿದ ಶಕ್ತಿ ವ್ಯಯವಾಗುತ್ತದೆ ಮತ್ತು ಮೇಯುವ ಸಮಯ ಕಳೆದುಹೋಗುತ್ತದೆ. ಚಳಿಗಾಲದ ನಡುವೆ ಈ ನಷ್ಟವನ್ನು ತುಂಬಿಕೊಳ್ಳಲು ವಾರಗಳ ಕಾಲಾವಕಾಶವಿರುತ್ತದೆ. ಹೊರಡುವ ಮುನ್ನ ಅಷ್ಟು ಅವಕಾಶವಿರುವುದಿಲ್ಲ. ಸಾಕಷ್ಟು ಕೊಬ್ಬಿಲ್ಲದೆ ಹೊರಟ ಹಕ್ಕಿ ಮಾರ್ಗಮಧ್ಯದಲ್ಲಿ ಬಳಲಬಹುದು. ತಡವಾಗಿ ತಲುಪಿದ ಹಕ್ಕಿಗೆ ಗೂಡಿಗೆ ತಕ್ಕ ಸ್ಥಳ ದೊರೆಯದಿರಬಹುದು.

ಇದೇ ತಿಂಗಳುಗಳಲ್ಲಿ ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ಮೊದಲಾದೆಡೆ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಗೂಡುಕಟ್ಟಿ ಮರಿಗಳನ್ನು ಸಾಕುತ್ತಿರುತ್ತವೆ. ದೊಡ್ಡ ಹಕ್ಕಿಗಳು ಬೆದರಿ ಗೂಡುಬಿಟ್ಟರೆ ಮೊಟ್ಟೆ ಹಾಗೂ ಎಳೆಯ ಮರಿಗಳು ಬಿಸಿಲಿಗೂ ಕಾಗೆ, ಹದ್ದುಗಳಿಗೂ ಗುರಿಯಾಗುತ್ತವೆ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕಾರ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆಯುಂಟುಮಾಡುವುದೂ ‘ಬೇಟೆ’ ಎಂಬ ಪದದ ವ್ಯಾಖ್ಯೆಯೊಳಗೆ ಬರುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ವೀಕ್ಷಣೆಯ ಸಮಯದಲ್ಲಿ ಪಾಲಿಸಬೇಕಾದ ಅಂಶಗಳು

1. ಗುಂಪು ಚಿಕ್ಕದಾಗಿರಲಿ. ಹತ್ತು ಹದಿನೈದು ಜನರಿಗೆ ಒಬ್ಬ ಅನುಭವಿ ಮಾರ್ಗದರ್ಶಕರಿರುವುದು ಸೂಕ್ತ. ಸಂಖ್ಯೆ ಹೆಚ್ಚಾದಲ್ಲಿ ಗುಂಪನ್ನು ವಿಭಾಗಿಸಿ ಬೇರೆ ಬೇರೆ ದಿಕ್ಕಿಗೆ ಕಳುಹಿಸಬೇಕು.

2. ಸೂರ್ಯೋದಯದ ವೇಳೆಗೆ ಸ್ಥಳ ತಲುಪಿ, ಬಿಸಿಲೇರುವ ಮುನ್ನ ಹಿಂದಿರುಗಬೇಕು. ಸೂರ್ಯ ಬೆನ್ನಹಿಂದೆ ಇರುವಂತೆ ನಿಂತರೆ ಹಕ್ಕಿಯ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ.

3. ಕೆರೆಯ ಏರಿಯ ಮೇಲೆ ಅಥವಾ ರೂಢಿಯ ಕಾಲುದಾರಿಯಲ್ಲಿ ಮಾತ್ರ ನಡೆಯಬೇಕು. ಹೊಲಗಳನ್ನು ಪ್ರವೇಶಿಸುವ ಮುನ್ನ ರೈತರ ಅನುಮತಿ ಪಡೆಯಬೇಕು.

4. ಮೇಯುತ್ತಿದ್ದ ಹಕ್ಕಿಗಳು ತಲೆಯೆತ್ತಿ ನಿಂತರೆ ಅಥವಾ ಒಂದೇ ದಿಕ್ಕಿಗೆ ಸರಿಯತೊಡಗಿದರೆ ಅದು ಬೆದರಿಕೆಯ ಮೊದಲ ಲಕ್ಷಣ. ಕೂಡಲೇ ನಿಂತು, ಹಿಂದೆ ಸರಿಯಬೇಕು.

5. ಛಾಯಾಚಿತ್ರಕ್ಕಾಗಿ ಹಿಂಡನ್ನು ಹಾರಿಸುವುದು, ಧ್ವನಿಮುದ್ರಿತ ಕೂಗನ್ನು ನುಡಿಸುವುದು ಹಾಗೂ ಡ್ರೋನ್ ಬಳಸುವುದು ಸಲ್ಲದು.

6. ಹೆಬ್ಬಾತು ಮುಂತಾದವುಗಳ ಕುತ್ತಿಗೆಯಲ್ಲಿ ಪಟ್ಟಿ ಅಥವಾ ಕಾಲಿನಲ್ಲಿ ಉಂಗುರ ಕಂಡುಬಂದರೆ ದೂರದಿಂದಲೇ ಅದರ ಬಣ್ಣ ಮತ್ತು ಅಕ್ಷರಗಳನ್ನು ಬರೆದುಕೊಳ್ಳಬೇಕು.

7. ಸತ್ತ ಅಥವಾ ಅಸ್ವಸ್ಥ ಹಕ್ಕಿಗಳನ್ನು ಮುಟ್ಟದೆ, ಸಮೀಪದ ಅರಣ್ಯ ಅಥವಾ ಪಶುವೈದ್ಯ ಸಿಬ್ಬಂದಿಗೆ ತಿಳಿಸಬೇಕು.

ಕೊನೆಯ ದಿನಾಂಕದ ದಾಖಲೆ

ಏಷ್ಯಾದ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಆದರೆ ಜನವರಿಯ ಎಣಿಕೆಯು ಹಕ್ಕಿಗಳು ಯಾವಾಗ ಹೊರಟವೆಂಬುದನ್ನು ತಿಳಿಸಲಾರದು. ವಲಸೆ ಹಕ್ಕಿಗಳ ಆಗಮನ ನಿರ್ಗಮನಗಳ ಮಾಹಿತಿಯನ್ನು ಜನಸಾಮಾನ್ಯರಿಂದಲೇ ಸಂಗ್ರಹಿಸುವ ಮೈಗ್ರೆಂಟ್‌ವಾಚ್ ಎಂಬ ಕಾರ್ಯಕ್ರಮವು 2007ರಲ್ಲಿ ಬೆಂಗಳೂರಿನಿಂದ ಆರಂಭವಾಯಿತು. ಇಂದು ಇಬರ್ಡ್ ಜಾಲತಾಣದಲ್ಲಿ ಯಾರು ಬೇಕಾದರೂ ತಮ್ಮ ಪಟ್ಟಿಯನ್ನು ಸೇರಿಸಬಹುದು.

ಮೊದಲು ಕಂಡ ದಿನವನ್ನು ಗುರುತಿಸುವುದು ಸುಲಭ, ಏಕೆಂದರೆ ಅಂದು ಹಕ್ಕಿ ಕಣ್ಣೆದುರಿಗಿರುತ್ತದೆ. ಕೊನೆಯ ದಿನ ಯಾವುದೆಂಬುದು ಅಂದೇ ತಿಳಿಯುವುದಿಲ್ಲ. ಅನಂತರದ ಭೇಟಿಗಳಲ್ಲಿ ಹಕ್ಕಿ ಕಾಣದಿದ್ದಾಗ ಮಾತ್ರ ಅದು ನಿಶ್ಚಿತವಾಗುತ್ತದೆ. ಆದಕಾರಣ ಒಂದು ಗುಂಪು ಒಂದು ಕೆರೆಯನ್ನು ಆಯ್ದುಕೊಂಡು, ಫೆಬ್ರವರಿಯಿಂದ ಮೇ ಮೊದಲ ವಾರದವರೆಗೆ ವಾರಕ್ಕೊಮ್ಮೆ ಅದೇ ವೇಳೆಯಲ್ಲಿ ಭೇಟಿ ನೀಡುವುದು ಉತ್ತಮ. ದಿನಾಂಕ, ಆರಂಭದ ಮತ್ತು ಮುಕ್ತಾಯದ ಸಮಯ, ವೀಕ್ಷಕರ ಸಂಖ್ಯೆ, ಜಾತಿವಾರು ಎಣಿಕೆ ಇವಿಷ್ಟನ್ನು ಬರೆಯಬೇಕು. ದೊಡ್ಡ ಹಿಂಡಿದ್ದಲ್ಲಿ ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಅಂತಹ ಹತ್ತುಗಳು ಎಷ್ಟಿವೆ ಎಂದು ಅಂದಾಜಿಸಬಹುದು. ಹಿಂದಿನ ವಾರ ಇದ್ದು ಈ ವಾರ ಕಾಣದ ಜಾತಿಯ ಎದುರು ಸೊನ್ನೆಯನ್ನು ತಪ್ಪದೆ ನಮೂದಿಸಬೇಕು. ಏನೂ ಕಾಣಲಿಲ್ಲವೆಂದು ಪಟ್ಟಿಯನ್ನು ಬರೆಯದೆ ಬಿಟ್ಟರೆ, ಹಕ್ಕಿಗಳು ಹೊರಟವೋ ವೀಕ್ಷಕರೇ ಹೋಗಲಿಲ್ಲವೋ ಎಂಬುದು ಮುಂದೆ ಯಾರಿಗೂ ತಿಳಿಯದು.

ಹವಾಮಾನ ಬದಲಾದಂತೆ, ಕೆರೆಗಳು ಬೇಗ ಬತ್ತಿದಂತೆ ಹಕ್ಕಿಗಳ ಪಯಣದ ದಿನಗಳೂ ಬದಲಾಗುತ್ತಿವೆಯೇ ಎಂಬ ಪ್ರಶ್ನೆಗೆ ಇಂತಹ ದಾಖಲೆಗಳೇ ಆಧಾರ. ಒಂದು ವರ್ಷದ ಪಟ್ಟಿ ಹೇಳುವುದು ಅಲ್ಪ. ಹತ್ತು ವರ್ಷಗಳ ಪಟ್ಟಿಗಳು ಸೇರಿದರೆ ಆ ಕೆರೆಯ ಚರಿತ್ರೆಯೇ ದೊರೆಯುತ್ತದೆ. ಶಾಲಾ ಕಾಲೇಜುಗಳ ಪರಿಸರ ಸಂಘಗಳು, ಗ್ರಾಮಸ್ಥರು ಹಾಗೂ ಹವ್ಯಾಸಿ ವೀಕ್ಷಕರು ತಮ್ಮ ಊರಿನ ಕೆರೆಯಲ್ಲಿ ಈ ಕಾರ್ಯವನ್ನು ಕೈಗೊಂಡು, ಹಕ್ಕಿಗಳು ನಿರಾತಂಕವಾಗಿ ಹಿಂದಿರುಗುವಂತೆ ಸಹಕರಿಸಬೇಕಾಗಿ ಕೋರಲಾಗಿದೆ.